ಎಲಾದಿಯೊ ಮೊರ್ಲಾ ಹಿಡಿದ ಚೆಂಡು

ನನ್ನ ತಂಗಿಯ ಗಂಡನಿಗೆ ಎರಡು ವಯಸ್ಸು. ಗುರುತಿನ ಚೀಟಿಯ ಪ್ರಕಾರ ಐವತ್ತಮೂರು. ತಾಯಿ ಹೆತ್ತ ದಿನದಿಂದ ಎಣಿಸಿದರೆ ನಲವತ್ತೊಂಬತ್ತು. ಹೆಸರೂ ಎರಡು. ಚೀಟಿಯಲ್ಲಿ ಅನ್ಸೆಲ್ಮೊ ಮೊರ್ಲಾ ಎಂದಿದೆ. ಪಾದ್ರಿ ತಲೆಗೆ ನೀರು ಹಾಕಿ ಇಟ್ಟ ಹೆಸರು ಎಲಾದಿಯೊ ಮೊರ್ಲಾ. ಕಬ್ಬಿನ ಗದ್ದೆಗಳ ನಡುವೆ ಸಕ್ಕರೆ ಕಾರ್ಖಾನೆಯವರು ಕೂಲಿಗಳಿಗೆಂದು ಕಟ್ಟಿದ ನಮ್ಮ ಬತೆಯ್ ಕೇರಿಯಲ್ಲಿ ಈ ಎರಡು ಹೆಸರೂ ಯಾರಿಗೂ ಬೇಕಿಲ್ಲ. ಅಲ್ಲಿ ಅವನು ಚೀಚೊ. ನಮ್ಮಲ್ಲಿ ಒಬ್ಬರ ನಿಜವಾದ ಹೆಸರು ಗೊತ್ತಾಗುವುದು ಹೂಳುವ ದಿನ ಪಾದ್ರಿ ಓದಿದಾಗಲೇ. ನನ್ನನ್ನೇ ಯಾರಾದರೂ ಎರಿದಾನಿಯಾ ಎಂದು ಕೂಗಿದರೆ ನಾನು ತಿರುಗಿ ನೋಡುವುದಿಲ್ಲ. ಪ್ರಿಯೆತಾ ಎಂದರೆ ಮಾತ್ರ ನಾನು. ಹೆಸರನ್ನು ಇಷ್ಟು ಹಗುರವಾಗಿ ನೋಡುವ ಜನ ನಾವು, ಅದಕ್ಕೇ ಚೀಚೊನ ಹೆಸರು ಹೋದಾಗ ಏನೋ ದೊಡ್ಡದು ಹೋಯಿತೆಂದು ಯಾರಿಗೂ ಅನ್ನಿಸಲಿಲ್ಲ.

ಮೊರ್ಲಾ ಮನೆಯವರಿಗೆ ಬೇಸ್‌ಬಾಲ್ ಬಿಟ್ಟರೆ ಬೇರೆ ಮಾತಿರಲಿಲ್ಲ. ಅಪ್ಪ ಆರು ದಿನ ಕಬ್ಬು ಕಡಿದು ಏಳನೆಯ ದಿನ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತಿದ್ದ, ಜನರಿಂದ ಬೈಸಿಕೊಳ್ಳುತ್ತಿದ್ದ. ಅಮ್ಮ ಲಿಯೊನೀದಾ, ಹೊರಗಿನವರು ಮರ್ಯಾದೆಗೆ ದೋನ್ಯಾ ಎಂದು ಕರೆಯುವವಳು, ಹಳೆಯ ಕಾಲುಚೀಲ ಸುತ್ತಿ ಚೆಂಡು ಹೊಲಿಯುತ್ತಿದ್ದಳು, ಹಾಲಿನ ರಟ್ಟಿನ ಡಬ್ಬ ಕತ್ತರಿಸಿ ಮಕ್ಕಳಿಗೆ ಗ್ಲೌಸ್ ಮಾಡಿಕೊಡುತ್ತಿದ್ದಳು. ಇಬ್ಬರು ಗಂಡುಮಕ್ಕಳು. ದೊಡ್ಡವನು ಅನ್ಸೆಲ್ಮೊ, ಕಟ್ಟುಮಸ್ತಾದ ಆಳು, ಬ್ಯಾಟ್ ಬೀಸಿದರೆ ಚೆಂಡು ಕಬ್ಬಿನೊಳಗೆ ಹೋಗಿ ಮರುದಿನ ಸಿಗುತ್ತಿತ್ತು. ನಾಲ್ಕು ವರ್ಷ ಚಿಕ್ಕವನು ನಮ್ಮ ಚೀಚೊ, ಕಡ್ಡಿಯಂಥ ಮೈ, ಆದರೆ ಅವನ ಕೈ ಮಾತ್ರ ಬೇರೆ. ನೆಲದ ಮೇಲೆ ಉರುಳಿ ಬಂದ ಯಾವ ಚೆಂಡೂ ಅವನನ್ನು ದಾಟುತ್ತಿರಲಿಲ್ಲ.

ಚೀಚೊಗೆ ಹದಿನಾಲ್ಕಾಗಿದ್ದಾಗ ನಡೆದ ಒಂದು ಆಟ ಹೇಳುತ್ತೇನೆ. ನಾನು ಕಣ್ಣಾರೆ ನೋಡಿದ್ದು. ಬೇಲಿಯ ಪಕ್ಕ ಬಾಣಲೆ ಇಟ್ಟುಕೊಂಡು ಯಾನಿಕೇಕೆ ಕರಿಯುತ್ತಿದ್ದೆ; ಎಣ್ಣೆಗೆ ಬಿಟ್ಟ ಹಿಟ್ಟಿನ ರೊಟ್ಟಿ ಸೀದು ಕರಕಲಾದದ್ದೂ ನೆನಪಿದೆ. ಪಕ್ಕದ ಕಾರ್ಖಾನೆಯ ಹುಡುಗರ ಮೇಲೆ ಬಹುಮಾನದ ಕಪ್ಪಿಗಾಗಿ ಪಂದ್ಯ. ಕೊನೆಯ ಸರದಿ, ಅವರ ಇಬ್ಬರು ಔಟಾಗಿದ್ದಾರೆ, ಮೂರನೆಯ ಬೇಸಿನಲ್ಲಿ ಅವರ ಒಬ್ಬ ಓಡಲು ತುದಿಗಾಲಲ್ಲಿ ನಿಂತಿದ್ದಾನೆ. ನಾವು ಒಂದೇ ಓಟ ಮುಂದೆ, ಇನ್ನೊಬ್ಬ ಔಟಾದರೆ ಕಪ್ಪು ನಮ್ಮದು. ಚೀಚೊ ತನ್ನ ಜಾಗದಲ್ಲಿ, ಎರಡನೆಯ ಬೇಸಿಗೂ ಮೂರನೆಯದಕ್ಕೂ ನಡುವಿನ ಶಾರ್ಟ್‌ಸ್ಟಾಪಿನಲ್ಲಿ. ಹೊಡೆದ ಚೆಂಡು ಅವನ ಬಲಗಡೆ, ದೂರಕ್ಕೆ, ನೆಲ ಉಜ್ಜಿಕೊಂಡು ಬಂತು. ಅವನು ಓಡಿ ಎಡಗೈಯ ಗ್ಲೌಸನ್ನು ಅಡ್ಡ ಚಾಚುವಷ್ಟರಲ್ಲಿ ಅದು ಒಂದು ಕಲ್ಲಿಗೆ ಬಡಿದು ಮುಖಕ್ಕೆ ನೆಗೆಯಿತು. ಗ್ಲೌಸ್ ಕೆಳಗೆ, ಚೆಂಡು ಮೇಲೆ. ಹುಡುಗ ಬರಿಯ ಬಲಗೈಲಿ ಅದನ್ನು ಕಣ್ಣೆದುರೇ ಹಿಡಿದು, ಮಂಡಿಯ ಮೇಲೆ ಕುಸಿದು, ಎದ್ದೇಳದೆಯೇ ಮೊದಲನೆಯ ಬೇಸಿಗೆ ಎಸೆದ. ಔಟ್. ಜನ ಅವನನ್ನು ಹೊತ್ತುಕೊಂಡು ಕುಣಿಯುವಾಗ ಅವನು ಅಳುತ್ತಿದ್ದ. ಸಂತೋಷಕ್ಕೆಂದು ನಾವು ತಿಳಿದಿದ್ದೆವು, ಹೆಬ್ಬೆರಳು ಮುರಿದಿತ್ತು. ಆ ಬೆರಳು ಇವತ್ತಿಗೂ ಹೊರಕ್ಕೆ ವಾಲಿಕೊಂಡಿದೆ. ಅನ್ಸೆಲ್ಮೊ ಆ ದಿನ ಆಟ ನೋಡಲು ಬಂದಿರಲಿಲ್ಲ. ಕಬ್ಬು ಕಡಿಯುವ ಕಾಲ, ಗದ್ದೆಯಲ್ಲಿದ್ದ. ಸಂಜೆ ತಮ್ಮ ಹೇಳಿದ್ದನ್ನು ಊಟ ಮಾಡುತ್ತ ಕೇಳಿದ.

ಮೂರು ವರ್ಷ ಕಳೆದ ಮೇಲೆ ಪ್ಲೂತಾರ್ಕೊ ಸಾಹೇಬ ಬಂದ. ಹುಡುಗರನ್ನು ಆರಿಸಿ ಅಮೆರಿಕದ ತಂಡಗಳಿಗೆ ದಾಟಿಸುವ ದಲ್ಲಾಳಿ. ಬಂದವನು ಇಬ್ಬರನ್ನೂ ಓಡಿಸಿ, ಎಸೆಸಿ, ಹೊಡೆಸಿ ನೋಡಿದ. ಆಮೇಲೆ ದೋನ್ಯಾ ಲಿಯೊನೀದಾಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತ.

"ದೋನ್ಯಾ, ಅಮೆರಿಕದವರಿಗೆ ಬೇಕಾಗಿರೋದು ಹದಿನೇಳರ ಕಾಗದ, ಇಪ್ಪತ್ತೊಂದರ ಮೈ. ನಿಮ್ಮನೇಲಿ ಎರಡೂ ಇದೆ. ಏನ್ ಮಾಡೋದು, ಒಬ್ಬನಲ್ಲೇ ಇಲ್ಲ."

"ಚಿಕ್ಕವನು ಬೆಳೀತಾನೆ ಬಿಡಿ," ಎಂದಳು ಅವಳು.

"ಬೆಳೆಯೋವರೆಗೂ ಅವರು ಕಾಯಲ್ಲ. ದೊಡ್ಡವನಿಗೆ ಚಿಕ್ಕವನ ಜನನಪತ್ರ ಕೊಟ್ಟು ಕಳಿಸಿ. ಒಬ್ಬ ಹೋದ ಅಂದ್ರೆ ಇಬ್ಬರೂ ಹೋದ ಹಾಗೆ."

ಗಾಳಿ ಬಂದಾಗ ತೂರಿಕೋ ಎನ್ನುವುದನ್ನು ಬಡವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಹಾಸಿಗೆಯ ಕೆಳಗಿನ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದಳು. ಹದಿನೇಳರ ಚೀಚೊನನ್ನು ಕೇಳದೆ ಕೊಟ್ಟಳು ಎಂದರೆ ಸುಳ್ಳಾಗುತ್ತದೆ, ಕೇಳಿದಳು. "ಆರು ತಿಂಗಳಿಗೆ ಅಷ್ಟೇ ಕಂದ. ಅಣ್ಣ ಅಲ್ಲಿ ನೆಲೆ ಊರಲಿ, ಆಮೇಲೆ ಸರಿಮಾಡ್ಕೊಳ್ಳೋಣ," ಎಂದಳು. ಅವನು ಹೂಂ ಎಂದ. ಅಮ್ಮ ಕೇಳಿದರೆ ಯಾವ ಮಗ ಇಲ್ಲ ಎನ್ನುತ್ತಾನೆ? ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ.

ಅನ್ಸೆಲ್ಮೊ ಎಲಾದಿಯೊ ಆಗಿ ವಿಮಾನ ಹತ್ತಿದ. ಮುಂದಿನ ವರ್ಷ ಇನ್ನೊಂದು ತಂಡದವರು ಬಂದಾಗ ಚೀಚೊ ಸಾಲಿನಲ್ಲಿ ನಿಂತ. ಕೈಯಲ್ಲಿದ್ದದ್ದು ಅಣ್ಣನ ಜನನಪತ್ರ. ಅದರ ಪ್ರಕಾರ ಅವನಿಗೆ ಇಪ್ಪತ್ತೆರಡು. ಅವರು ಅರ್ಧ ಗಂಟೆ ಬಾಯಿ ತೆರೆದುಕೊಂಡು ಅವನ ಕೈಚಳಕ ನೋಡಿದರು. ಕೊನೆಗೆ ಕಾಗದ ನೋಡಿ ಹಿಂದಕ್ಕೆ ಕೊಟ್ಟರು. "ಕೈ ಚೆನ್ನಾಗಿದೆ. ವಯಸ್ಸಾಗಿಹೋಯ್ತು." ಹದಿನೆಂಟರ ಹುಡುಗನಿಗೆ ವಯಸ್ಸಾಗಿಹೋಯಿತು! ಅವನು ಮನೆಗೆ ಬಂದು ಅಮ್ಮನಿಗೆ ಏನೂ ಹೇಳಲಿಲ್ಲ. ನನಗೆ ಹೇಳಿದ, ನನ್ನ ಬಾಣಲೆಯ ಮುಂದೆ ನಿಂತು. ಹೇಳಿ ಎರಡು ಯಾನಿಕೇಕೆ ತಿಂದು ಹೋದ.

ಅಣ್ಣ ಅಲ್ಲಿ ಹನ್ನೊಂದು ವರ್ಷ ದೊಡ್ಡ ಮೈದಾನಗಳಲ್ಲಿ ಆಡಿದ. ರೇಡಿಯೊದವರು ಎಲಾದಿಯೊ ಮೊರ್ಲಾ ಎಂದು ಕೂಗಿದಾಗಲೆಲ್ಲ ಬತೆಯ್ ಇಡೀ ಎದ್ದು ಕುಣಿಯಿತು. ಅಮ್ಮನಿಗೆ ಸಿಮೆಂಟಿನ ಮನೆ ಬಂತು, ಮೈದಾನಕ್ಕೆ ದೀಪದ ಕಂಬಗಳು ಬಂದವು, ಚೀಚೊಗೆ ಒಂದು ಮೋಟಾರ್‌ಸೈಕಲ್ ಬಂತು. ಚೀಚೊ ನನ್ನ ತಂಗಿ ಯೋಕಾಸ್ತಾಳನ್ನು ಮದುವೆಯಾದ. ದಾಖಲೆ ಕಚೇರಿಯಲ್ಲಿ ಅಣ್ಣನ ಹೆಸರಿನಲ್ಲೇ ರುಜು ಹಾಕಿದ. ಮಗಳು ಯುಲಿಸಾ ಹುಟ್ಟಿದಾಗ ಅಪ್ಪನ ಹೆಸರು ಅನ್ಸೆಲ್ಮೊ ಎಂದೇ ಬರೆಸಿದ. "ಕಾಗದದ ಮೇಲೆ ನಾನು ಭಾವನ ಹೆಂಡತಿ, ಮನೇಲಿ ಮೈದುನನ ಸಂಸಾರ. ಪಾದ್ರಿಗೆ ಯಾವ ಪಾಪ ಅಂತ ಹೇಳಲಿ?" ಎಂದು ಯೋಕಾಸ್ತಾ ನಗುತ್ತಿದ್ದಳು. ಮೊದಮೊದಲು ಅವನೂ ನಗುತ್ತಿದ್ದ.

ಅಣ್ಣ ಇನ್ನೂ ಆಡುತ್ತಿದ್ದಾಗಲೇ ಅಮೆರಿಕದಲ್ಲಿ ವಿಮಾನ ಬಡಿದು ಆ ಎರಡು ಗೋಪುರಗಳು ಬಿದ್ದವು. ವೀಸಾ ಕೊಡುವವರು ಎಲ್ಲರ ಕಾಗದಗಳನ್ನೂ ಕೆದಕತೊಡಗಿದರು. ಎಷ್ಟೋ ಆಟಗಾರರು ಒಂದೇ ದಿನದಲ್ಲಿ ಮೂರು ನಾಲ್ಕು ವರ್ಷ ಮುದುಕರಾದರು. ನಮ್ಮ ಬತೆಯ್‌ಗೂ ಇಬ್ಬರು ವಿಚಾರಿಸಲು ಬಂದರು. ಅಂಗಡಿಯವನು, ಪಾದ್ರಿ, ಸೂಲಗಿತ್ತಿ, ನಾನು, ಎಲ್ಲರೂ ಹೇಳಿದ್ದು ಒಂದೇ: ಎಲಾದಿಯೊ ಚಿಕ್ಕವನು, ಅನ್ಸೆಲ್ಮೊ ದೊಡ್ಡವನು. ಕೊನೆಗೆ ಚೀಚೊನನ್ನು ಕರೆದರು. ಅವನು ಟೋಪಿ ತೆಗೆದು ನಿಂತು, "ನಾನೇ ಸ್ವಾಮಿ ಅನ್ಸೆಲ್ಮೊ. ಅವನಿಗಿಂತ ನಾಲ್ಕು ವರ್ಷ ದೊಡ್ಡವನು," ಎಂದ. ನಾನು ಆಡಿದ ಸುಳ್ಳಿಗೆ ನನಗೆ ಇಂದಿಗೂ ನಾಚಿಕೆಯಿಲ್ಲ. ಅವನಿಂದ ಆ ಸುಳ್ಳು ಹೇಳಿಸಿದೆವಲ್ಲ, ಅದಕ್ಕಿದೆ.

ಇಪ್ಪತ್ತೆಂಟು ವರ್ಷದಿಂದ ಚೀಚೊ ಮೈದಾನ ನೋಡಿಕೊಳ್ಳುತ್ತಾನೆ. ಬೆಳಗ್ಗೆ ಐದೂವರೆಗೆ ಬಂದು ಕೆಂಪು ಮಣ್ಣನ್ನು ಕುಂಟೆಯಿಂದ ಎಳೆದು, ಮಂಡಿಯೂರಿ ಒಂದೊಂದೇ ಕಲ್ಲು ಆರಿಸಿ ಬಕೆಟ್ಟಿಗೆ ಹಾಕುತ್ತಾನೆ. ಮಕ್ಕಳಿಗೆ ಆಡಲು ಕಲಿಸುತ್ತಾನೆ. ಅವನು ಕಲಿಸಿದ ಆರು ಹುಡುಗರು ಅಮೆರಿಕಕ್ಕೆ ಹೋಗಿದ್ದಾರೆ. ಪ್ರತಿಯೊಬ್ಬನ ತಾಯಿಯ ಮನೆಗೂ ಹೋಗಿ ಅವನು ಒಂದೇ ಮಾತು ಹೇಳಿಬರುತ್ತಾನೆ: "ಅಕ್ಕಾ, ಮಗನ ಕಾಗದ ಮಾತ್ರ ಯಾರ ಕೈಗೂ ಕೊಡ್ಬೇಡಿ. ಆರು ತಿಂಗಳಿಗೂ ಬೇಡ."

ಹೆಸರು ವಾಪಸು ಬೇಕೆಂದು ಅವನು ಅಣ್ಣನನ್ನು ಎಷ್ಟೋ ಸಲ ಕೇಳಿದ್ದ. ಒಪ್ಪಂದ ಮುಗಿಯಲಿ ಎಂದ ಅಣ್ಣ. ನಿವೃತ್ತಿಯಾಗಲಿ ಎಂದ. ಪಿಂಚಣಿ ಬರಲಿ ಎಂದ. ಚೀಚೊಗೆ ಮತ್ತೇನೂ ಬೇಕಾಗಿರಲಿಲ್ಲ. "ಎಲ್ಲರೆದುರಿಗೆ ಒಂದು ಸಲ ಹೇಳಿದ್ರೆ ಸಾಕು ಅಕ್ಕ. ಆಮೇಲೆ ಕಚೇರೀಲಿ ನಾನೇ ಅಲೀತೀನಿ," ಎನ್ನುತ್ತಿದ್ದ.

ಹೋದ ವರ್ಷ ರಾಜಧಾನಿಯಲ್ಲಿ ಕ್ರೀಡಾ ಇತಿಹಾಸದ ಹೊಸ ಮ್ಯೂಸಿಯಂ ಕಟ್ಟಿದರು. ಅದರಲ್ಲಿ ಎಲಾದಿಯೊ ಮೊರ್ಲಾಗೆಂದೇ ಒಂದು ಗೋಡೆ. ಅಣ್ಣ ಫೋನ್ ಮಾಡಿದ. ಸ್ಪೀಕರಿನಲ್ಲಿ ಹಾಕಿದ್ದರಿಂದ ನಾವೆಲ್ಲ ಕೇಳಿದೆವು.

"ಆವತ್ತು ಹೇಳ್ತೀನಿ ಕಣೋ. ಮೈಕ್ ಹಿಡಿದು, ನಿನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಹೇಳ್ತೀನಿ. ಪಿಂಚಣಿ ಗಟ್ಟಿ ಆಯ್ತು, ಮಕ್ಕಳು ದೊಡ್ಡೋರಾದ್ರು. ಇನ್ನು ನನ್ನಿಂದ ಯಾರೇನು ಕಿತ್ಕೊಳ್ತಾರೆ?"

"ಅಮ್ಮನ ಮೇಲಾಣೆ?" ಎಂದ ಚೀಚೊ.

"ಅಮ್ಮನ ಮೇಲಾಣೆ."

ಅಮ್ಮ ಅಲ್ಲೇ ಕುರ್ಚಿಯಲ್ಲಿ ಕೂತು ಬೀನ್ಸ್ ಕಾಳು ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ.

ಆ ದಿನ ಬಾಡಿಗೆ ವ್ಯಾನಿನಲ್ಲಿ ಮನೆಯವರೆಲ್ಲ ಹೊರಟೆವು. ಯೋಕಾಸ್ತಾ ದೊಡ್ಡ ಪಾತ್ರೆ ತುಂಬ ಸ್ಪಾಗೆಟ್ಟಿ ಮಾಡಿ, ಚೀಲದ ತುಂಬ ಬನ್ನು ತುಂಬಿಕೊಂಡಿದ್ದಳು. ದೋನ್ಯಾ ಲಿಯೊನೀದಾ ದಾರಿಯ ಸಾನ್ ಪೆದ್ರೊ ಪಟ್ಟಣ ದಾಟುವ ತನಕ, ಕೂದಲು ಗುಂಗುರಾಗಲೆಂದು ಸುತ್ತಿಕೊಂಡಿದ್ದ ಸುರುಳಿಗಳನ್ನು ಬಿಚ್ಚಲಿಲ್ಲ. ಚೀಚೊ ಹೊಸ ಬಿಳಿ ಅಂಗಿ ಹಾಕಿದ್ದ; ಸುಕ್ಕಾದೀತೆಂದು ಬೆನ್ನು ಒರಗಿಸದೆ ಕೂತಿದ್ದ.

"ಒರಗಿಕೊಳ್ಳಪ್ಪ," ಎಂದಳು ಯುಲಿಸಾ. "ಒಳ್ಳೆ ಮದುಮಗನ ಥರ ಕೂತಿದ್ದೀಯ."

"ಮದುಮಗನೇ ಅಲ್ವೇನೇ?" ಎಂದಳು ಯೋಕಾಸ್ತಾ. "ಇವತ್ತು ಇವನಿಗೆ ಹೆಸರು ಬಂದ್ರೆ ನಾಳೆ ನನ್ನನ್ನ ಇನ್ನೊಂದ್ಸಲ ಮದುವೆ ಆಗ್ಬೇಕು. ಈ ಸಲ ನಾನು ಯೋಚನೆ ಮಾಡಿ ಹೇಳ್ತೀನಿ, ದೊಡ್ಡ ಮನುಷ್ಯರ ಸಂಬಂಧಗಳೂ ಬರಬಹುದು."

"ಬರ್ತವೆ, ಬರ್ತವೆ. ನಿನ್ನ ಸ್ಪಾಗೆಟ್ಟಿ ತಿಂದು ಎದ್ದು ಹೋಗ್ತವೆ," ಎಂದ ಚೀಚೊ.

ವ್ಯಾನ್ ಇಡೀ ನಕ್ಕಿತು. ಅವನು ಅಷ್ಟು ಸಲೀಸಾಗಿ ನಕ್ಕದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಅಮ್ಮ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮ್ಯೂಸಿಯಂ ಒಳಗೆ ತಣ್ಣಗಿತ್ತು, ನೆಲ ಕನ್ನಡಿಯಂತಿತ್ತು. ಬಾಕ್ಸಿಂಗ್‌ನವರು, ಓಟದವರು, ಎಲ್ಲರನ್ನೂ ದಾಟಿ ನಡುವಿನ ದೊಡ್ಡ ಕೋಣೆಗೆ ಬಂದರೆ ನಮ್ಮ ಗೋಡೆ. ಬ್ಯಾಟು, ಮೊಳೆಯ ಶೂ, ಮೂರು ಟೋಪಿ, ಮೊದಲ ಒಪ್ಪಂದ. ಅದರ ಪಕ್ಕ ಗಾಜಿನ ಕೆಳಗೆ ಒಂದು ಹಳದಿಗಟ್ಟಿದ ಜನನಪತ್ರ. ಚೀಚೊ ಬಗ್ಗಿ ಅದನ್ನು ಓದತೊಡಗಿದ. ಕೆಳಗೆ ಮೂಲೆಯಲ್ಲಿ ಅವನ ಅಪ್ಪನ ಹೆಬ್ಬೆಟ್ಟಿನ ಗುರುತಿತ್ತು. ಮೂವತ್ತೆರಡು ವರ್ಷದಿಂದ ಅವನು ಆ ಕಾಗದ ನೋಡಿರಲಿಲ್ಲ.

"ಗಾಜು ಮುಟ್ಬೇಡಿ ಯಜಮಾನ್ರೇ," ಎಂದ ಕಾವಲಿನವನು.

"ಮುಟ್ಟಲ್ಲಪ್ಪ. ಓದ್ತಿದ್ದೀನಿ ಅಷ್ಟೇ."

ತಲೆಯೆತ್ತಿದಾಗ ಅವನಿಗೆ ಮೇಲಿನ ಫೋಟೊ ಕಂಡಿತು. ನನಗೂ ಆಗಲೇ ಕಂಡದ್ದು. ಆಳೆತ್ತರಕ್ಕೆ ದೊಡ್ಡದು ಮಾಡಿದ ಫೋಟೊ: ಹದಿನಾಲ್ಕರ ಚೀಚೊ, ಎಡಗೈಲಿ ಗೆದ್ದ ಕಪ್ಪು, ಬಲಗೈಗೆ ಕರವಸ್ತ್ರ ಸುತ್ತಿದೆ, ಕಣ್ಣು ಅತ್ತು ಊದಿಕೊಂಡಿದೆ. ಕೆಳಗೆ ಬರೆದಿತ್ತು: ಎಲಾದಿಯೊ ಮೊರ್ಲಾ, ಬಾಲ್ಯದಲ್ಲಿ. ಆ ಫೋಟೊ ಇದ್ದದ್ದು ಒಂದೇ ಮನೆಯಲ್ಲಿ. ನಾನು ಮುದುಕಿಯ ಕಡೆ ತಿರುಗಿದೆ.

"ಇದನ್ನ ಕೊಟ್ಟಿದ್ದು ನೀವಾ?"

"ಮ್ಯೂಸಿಯಮ್ಮಿನ ಹುಡುಗಿ ಬಂದು ಎಲಾದಿಯೊ ಚಿಕ್ಕವನಿದ್ದಾಗಿನ ಫೋಟೊ ಕೊಡಿ ಅಂದ್ಳು," ಎಂದಳು ದೋನ್ಯಾ ಲಿಯೊನೀದಾ. "ಇದು ಎಲಾದಿಯೊ ಚಿಕ್ಕವನಿದ್ದಾಗಿನ ಫೋಟೊನೇ ತಾನೆ? ಸುಳ್ಳೇನು ಹೇಳ್ದೆ ನಾನು?"

ನಾನು ಬಾಯಿ ತೆರೆದೆ. ಚೀಚೊ ನನ್ನ ತೋಳು ಹಿಡಿದ. "ಬಿಡಕ್ಕ. ಒಳ್ಳೇದೇ ಆಯ್ತು. ಅಣ್ಣ ಹೇಳುವಾಗ ಎಲ್ಲರಿಗೂ ಮುಖ ತೋರಿಸೋಕೆ ಫೋಟೊನೂ ಇರುತ್ತೆ."

ಅಣ್ಣ ಬಂದ. ಬಿಳಿಯ ಲಿನನ್ ಸೂಟು, ಹೊಟ್ಟೆ, ಕತ್ತಿನಲ್ಲಿ ಬೆರಳು ದಪ್ಪದ ಚಿನ್ನ. ಕ್ಯಾಮೆರಾದವರೆಲ್ಲ ಅವನ ಹಿಂದೆ. ಬಗ್ಗಿ ಅಮ್ಮನ ಆಶೀರ್ವಾದ ಕೇಳಿ, ಎದ್ದು ತಮ್ಮನನ್ನು ಅಪ್ಪಿಕೊಂಡ. ಅಪ್ಪಿಕೊಂಡಾಗ ಕಿವಿಯಲ್ಲಿ ಏನೋ ಹೇಳಿದ. ಚೀಚೊನ ಮುಖ ಅರಳಿತು. "ಹೇಳ್ತಾನಂತೆ," ಎಂದು ಅವನು ನಮಗೆ ಸನ್ನೆ ಮಾಡಿದ. ನಾವು ಮೂರನೆಯ ಸಾಲಿನಲ್ಲಿ ಕೂತೆವು. ಅಮ್ಮನಿಗೆ ಮೊದಲನೆಯ ಸಾಲು.

ಮೈಕ್ ಹಿಡಿದು ಅವನು ದೇವರಿಗೆ, ದೇಶಕ್ಕೆ, ತಾಯಿಗೆ ನಮಸ್ಕಾರ ಹೇಳಿದ. ಆಮೇಲೆ ಫೋಟೊದ ಕಡೆ ಕೈ ತೋರಿಸಿದ.

"ಈ ಹುಡುಗನ ಬಗ್ಗೆ ಒಂದು ಮಾತು ಹೇಳ್ಬೇಕು ನಿಮಗೆ. ಇವತ್ತಿನವರೆಗೂ ಎಲ್ಲೂ ಹೇಳಿಲ್ಲ."

ಚೀಚೊ ಎದ್ದು ನಿಲ್ಲಲು ಸಿದ್ಧನಾಗಿ ಕುರ್ಚಿಯ ತುದಿಗೆ ಸರಿದ. ಯೋಕಾಸ್ತಾ ಅವನ ಅಂಗಿಯ ಕಾಲರು ನೆಟ್ಟಗೆ ಮಾಡಿದಳು.

"ಕೈಗೆ ಕರವಸ್ತ್ರ ಯಾಕೆ ಅಂತ ಕೇಳ್ತೀರ ಅಲ್ವಾ? ಕಪ್ಪಿನ ಪಂದ್ಯ. ಕೊನೇ ಸರದಿ, ಇಬ್ಬರು ಔಟ್, ಮೂರನೇ ಬೇಸಲ್ಲಿ ಅವರೊಬ್ಬ. ನಾನು ಶಾರ್ಟ್‌ಸ್ಟಾಪಲ್ಲಿದ್ದೆ. ಚೆಂಡು ನನ್ನ ಎಡಕ್ಕೆ ಬಂತು, ಕಲ್ಲಿಗೆ ತಾಗಿ ಮುಖಕ್ಕೆ ಹಾರ್ತು. ಬರೀ ಕೈಲಿ ಹಿಡಿದೆ! ಮಂಡಿ ಮೇಲೆ ಕೂತು ಎಸೆದೆ. ಹೆಬ್ಬೆರಳು ಮುರಿದಿತ್ತು, ಜನ ನನ್ನ ಹೊತ್ಕೊಂಡು ಕುಣೀತಿದ್ರು. ನಮ್ಮಣ್ಣ ಅನ್ಸೆಲ್ಮೊ ಆವತ್ತು ಆಟ ನೋಡ್ಲಿಲ್ಲ. ನಾನು ಆಡ್ಲಿ ಅಂತ ಅವನು ಗದ್ದೇಲಿ ಕಬ್ಬು ಕಡೀತಿದ್ದ. ಇವತ್ತು ಈ ಗೋಡೆ ಮೇಲೆ ನಾನಿದ್ದೀನಿ ಅಂದ್ರೆ ಅವನಿಂದ."

ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತವಳೊಬ್ಬಳು ಕಣ್ಣೊರೆಸಿಕೊಂಡಳು. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗಾಯಿತು. ಹೆಸರನ್ನು ಚೀಚೊ ತಾನೇ ಕೈಯಾರೆ ಕೊಟ್ಟಿದ್ದ. ಈ ಚೆಂಡನ್ನು ಯಾರಿಗೂ ಕೊಟ್ಟಿರಲಿಲ್ಲ. ಅಣ್ಣನ ಮುಖ ನೋಡಿದೆ, ಅವನು ನಟಿಸುತ್ತಿರಲಿಲ್ಲ. ಎಷ್ಟು ವರ್ಷದಿಂದ ಎಷ್ಟು ಜನಕ್ಕೆ ಹೇಳಿದ್ದನೋ, ಆ ಆಟ ಅವನದೇ ಆಗಿಹೋಗಿತ್ತು.

"ಬಲಕ್ಕೆ," ಎಂದ ಚೀಚೊ.

ಜೋರಾಗಿ ಹೇಳಲಿಲ್ಲ. ಆದರೂ ಜನ ತಿರುಗಿದರು. ಅವನು ಎದ್ದು ನಿಂತಿದ್ದ.

"ಚೆಂಡು ಬಲಕ್ಕೆ ಬಂತು. ಎಡಕ್ಕೆ ಬಂದಿದ್ರೆ ಗ್ಲೌಸಲ್ಲೇ ಸಿಗ್ತಿತ್ತು. ಕೈ ಮುರ್ಕೊಳ್ಳೋದೇ ಬೇಕಿರ್ಲಿಲ್ಲ."

ಅವನು ಬೇರೇನನ್ನೂ ಕೇಳುತ್ತಿರಲಿಲ್ಲ. ಹೆಸರು ಬೇಕೆನ್ನಲಿಲ್ಲ, ಕಾಗದ ತೋರಿಸಲಿಲ್ಲ. ಬಲಕ್ಕೆ ಬಂದ ಚೆಂಡು ಬಲಕ್ಕೆ ಬಂತು ಎಂದಾದರೂ ಯಾರಾದರೂ ಒಪ್ಪಬೇಕಿತ್ತು. ಅಣ್ಣ ಅವನನ್ನು ನೋಡಿದ. ಆ ಕಣ್ಣಿನಲ್ಲಿ ಹೆದರಿಕೆ ಬಂದು ಹೋದದ್ದು ನನಗೆ ಕಂಡಿತು. ಆಮೇಲೆ ನಕ್ಕ.

"ನೋಡಿದ್ರಾ ನಮ್ಮಣ್ಣನ್ನ! ಕಬ್ಬಿನ ಗದ್ದೇಲಿದ್ದೋನು ನನಗೆ ನನ್ನ ಆಟ ಹೇಳಿಕೊಡ್ತಾನೆ. ಬೇಸ್‌ಬಾಲ್ ಮನೆತನ ಅಂದ್ರೆ ಹೀಗೆ ಕಣ್ರೀ." ಸಭೆ ಗೊಳ್ಳೆಂದಿತು. ಅವನು ಮೈಕ್ ಹಿಡಿದುಕೊಂಡೇ ಮೊದಲ ಸಾಲಿಗೆ ಇಳಿದ. "ಅಮ್ಮ ಅಲ್ಲೇ ಇದ್ಲು. ಅಮ್ಮನ್ನೇ ಕೇಳೋಣ. ಹೇಳಮ್ಮ, ಚೆಂಡು ಯಾವ ಕಡೆ ಬಂತು?"

ದೋನ್ಯಾ ಲಿಯೊನೀದಾ ನಿಜಕ್ಕೂ ಅಲ್ಲಿದ್ದಳು. ಚೀಚೊನ ಕೈಗೆ ಸುತ್ತಿದ ಕರವಸ್ತ್ರ ಅವಳದೇ. ಅವಳು ತಿರುಗಿ ಮೂರನೆಯ ಸಾಲಿನಲ್ಲಿ ನಿಂತಿದ್ದ ಮಗನನ್ನು ನೋಡಿದಳು, ಕ್ಯಾಮೆರಾಗಳನ್ನು ನೋಡಿದಳು. ಕೂದಲು ಸರಿಮಾಡಿಕೊಂಡಳು.

"ಎಡಕ್ಕೇ ಬಂತು. ನನ್ನ ಎಲಾದಿಯೊ ಹೇಳಿದ್ದೇ ಸರಿ. ಅನ್ಸೆಲ್ಮೊ ಅಲ್ಲಿರ್ಲಿಲ್ಲ."

ಚೀಚೊ ಕೂತುಕೊಂಡ. ಆಮೇಲೆ ಫೋಟೊ ತೆಗೆಯಲು ಕರೆದಾಗ ಹೋಗಿ ಅಣ್ಣನ ಪಕ್ಕ ನಿಂತ. ಮ್ಯೂಸಿಯಮ್ಮಿನ ಹುಡುಗಿ, "ಅಣ್ಣತಮ್ಮ ಇಬ್ಬರೂ ಒಂದೇ ಅಚ್ಚು!" ಎಂದು ಸಂಭ್ರಮಪಟ್ಟಳು. ಅವನು ನಕ್ಕ, ಹೇಗೆ ನಕ್ಕನೋ ದೇವರೇ ಬಲ್ಲ.

ಮಧ್ಯಾಹ್ನ ಮೂರಕ್ಕೆ ಹಿಂದಿರುಗಿ ಹೊರಟೆವು. ಸ್ಪಾಗೆಟ್ಟಿ ಯಾರೂ ಮುಟ್ಟಲಿಲ್ಲ. ಯುಲಿಸಾ ಕುದಿಯುತ್ತಿದ್ದಳು.

"ನಾನು ಈಗಲೇ ಫೇಸ್‌ಬುಕ್ಕಲ್ಲಿ ಬರೀತೀನಿ. ದೊಡ್ಡಮ್ಮ, ನೀವು ನೋಡಿದ್ದೀರ, ನೀವು ಸಾಕ್ಷಿ ಹೇಳ್ತೀರ ಅಲ್ವಾ?"

"ಹೇಳ್ತೀನಿ. ಕೋರ್ಟಲ್ಲೂ ಹೇಳ್ತೀನಿ," ಎಂದೆ.

"ಯಾರೂ ಏನೂ ಬರೀಬೇಡಿ," ಎಂದ ಚೀಚೊ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸೀಟಿನಲ್ಲಿ ಮುಂದಕ್ಕೆ ಬಗ್ಗಿ ಅಮ್ಮನನ್ನು ಕೇಳಿದ. "ಅಮ್ಮ, ಇಲ್ಲಿ ಮೈಕಿಲ್ಲ, ಹೊರಗಿನೋರು ಯಾರೂ ಇಲ್ಲ. ಆ ಚೆಂಡು ಹಿಡಿದಿದ್ದು ಯಾರು?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

"ಇಬ್ಬರೂ ನನ್ನ ಹೊಟ್ಟೇಲೇ ಹುಟ್ಟಿದ್ದು. ಯಾರು ಹಿಡಿದ್ರೇನು?"

"ಯಾರು ಹಿಡಿದದ್ದು ಅಂತ ಕೇಳಿದೆ ಅಮ್ಮ."

"ಅಷ್ಟೊಂದು ಜನ ಅವನನ್ನ ನೋಡ್ತಿದ್ರು ಕಣೋ!" ಎಂದು ಅವಳು ತಟ್ಟನೆ ಸಿಡುಕಿದಳು. "ಅವನ ಮರ್ಯಾದೆ ಹೋದ್ರೆ ದೇಶಕ್ಕೇ ಗೊತ್ತಾಗುತ್ತೆ. ನಿಂದು ಹೋದ್ರೆ ಯಾರಿಗೆ ಗೊತ್ತಾಗುತ್ತೆ? ನಮಗೇ ತಾನೆ? ನಾವು ಮನೇಲಿ ನುಂಗ್ಕೊಂಡ್ರೆ ಮುಗೀತು. ಇಷ್ಟು ವರ್ಷ ನುಂಗಿಲ್ವಾ?"

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ತಾಯಿಗೆ ಎರಡರಲ್ಲಿ ಯಾವುದು ಹೆಗ್ಗಣ ಎನ್ನುವುದೂ ತಿಳಿಯಲಿಲ್ಲ. ನಾನು ಅವಳಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಯೋಕಾಸ್ತಾ ನನ್ನ ಬಾಯಿ ಮುಚ್ಚಿಸಿದಳು. ಚೀಚೊ ಮಾತ್ರ ಸೀಟಿಗೆ ಬೆನ್ನು ಒರಗಿಸಿ, ಕಣ್ಣು ಮುಚ್ಚಿ, ಬತೆಯ್ ಬರುವ ತನಕ ಹಾಗೆಯೇ ಇದ್ದ.

ಅವನು ಮನೆ ಬಿಟ್ಟು ಹೋಗಲಿಲ್ಲ, ಕುಡಿಯಲಿಲ್ಲ, ಜಗಳ ತೆಗೆಯಲಿಲ್ಲ. ಮರುದಿನವೂ ಕಲ್ಲು ಆರಿಸಿದ. ಮಧ್ಯಾಹ್ನ ಎಂದಿನಂತೆ ಯೋಕಾಸ್ತಾ ಕಟ್ಟಿಕೊಟ್ಟ ಅನ್ನ, ಬೀನ್ಸ್, ಕೋಳಿಸಾರು ಹಿಡಿದು ಅಮ್ಮನ ಮನೆಗೆ ಹೋದ. ನಮ್ಮಲ್ಲಿ ಎಷ್ಟೇ ಮುದುಕನಾದರೂ ಮಗನಾದವನು ತಾಯಿಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡುವ ಮೊದಲು, "ಆಶೀರ್ವಾದ ಮಾಡಮ್ಮ" ಎನ್ನಬೇಕು. "ದೇವರು ನಿನ್ನನ್ನ ಕಾಪಾಡಲಿ ಮಗನೇ" ಎಂದು ಅವಳು ಉತ್ತರಿಸಬೇಕು. ಕೊಲೆ ಮಾಡಿ ಬಂದವನೂ ಇದನ್ನು ತಪ್ಪಿಸುವುದಿಲ್ಲ. ಅವತ್ತು ನಾನು ಎದುರುಮನೆಯ ಜಗಲಿಯಲ್ಲಿದ್ದೆ. ಅವನು ಬಾಗಿಲಲ್ಲಿ ಟೋಪಿ ತೆಗೆದು ನಿಂತ.

"ನಮಸ್ಕಾರ ದೋನ್ಯಾ ಲಿಯೊನೀದಾ. ಊಟ ತಂದಿದ್ದೀನಿ. ಬಿಸಿ ಇದೆ, ತಗೊಳ್ಳಿ."

ಅಂದಿನಿಂದ ಇದು ದಿನವೂ ನಡೆಯುತ್ತದೆ. ಊಟ ತಪ್ಪಿಸಿಲ್ಲ. ಔಷಧಿ ತರುತ್ತಾನೆ, ಸೋರುವ ನಲ್ಲಿ ರಿಪೇರಿ ಮಾಡುತ್ತಾನೆ, ಮಂಡಿಗೆ ಎಣ್ಣೆ ತಿಕ್ಕುತ್ತಾನೆ. ನೆರೆಹೊರೆಯವರು ಮಾತಾಡಿಸುವಂತೆ ಹೋಗಿ, ಬನ್ನಿ, ನೀವು ಎಂದೇ ಮಾತಾಡಿಸುತ್ತಾನೆ. ಮೊದಮೊದಲು ಅವಳು ಬೈದಳು. ಆಮೇಲೆ ಅತ್ತಳು. ಪಾದ್ರಿಯನ್ನು ಕರೆಸಿ ಬುದ್ಧಿ ಹೇಳಿಸಿದಳು. ಪಾದ್ರಿಯ ಮಾತನ್ನು ಅವನು ತಲೆಬಾಗಿ ಕೇಳಿ, ಮರುದಿನ ಅದೇ ನಮಸ್ಕಾರ ಹೇಳಿದ.

ಹೋದ ಭಾನುವಾರ ಅವಳು ಕುರ್ಚಿಯನ್ನು ಬಾಗಿಲಿಗೇ ಎಳೆದುಕೊಂಡು ಕಾದಿದ್ದಳು. ಅವನು ಇನ್ನೂ ಬಾಯಿ ತೆರೆದಿರಲಿಲ್ಲ, ಅವಳೇ ಎರಡು ಕೈ ಎತ್ತಿದಳು.

"ದೇವರು ನಿನ್ನನ್ನ ಕಾಪಾಡಲಿ ಮಗನೇ."

ಚೀಚೊ ಬುತ್ತಿಯನ್ನು ಅವಳ ಮಡಿಲಲ್ಲಿಟ್ಟ, ಚಮಚ ಒರೆಸಿ ಕೈಗೆ ಕೊಟ್ಟ.

"ನಿಮ್ಮ ಮಗ ಫೋನ್ ಮಾಡಿದಾಗ ಹೇಳ್ತೀನಿ, ದೋನ್ಯಾ," ಎಂದ.